ಹಿತ್ತಲ ಜಗಲಿಯ ಪ್ರೊನೌನ್ ಪಾಠ

ಮೊಮ್ಮಗಳ ಗ್ರಾಮರ್ ಪುಸ್ತಕದಲ್ಲಿ ‘ಡಿಟರ್ಮೈನರ್ಸ್’ ಎಂದು ಒಂದು ಅಧ್ಯಾಯವೇ ಇದೆ. ಎ, ದಿ, ದಿಸ್, ದಟ್, ಮೈ, ಯುವರ್, ಸಮ್, ಎನಿ, ಈಚ್, ಎವೆರಿ ಎಲ್ಲವನ್ನೂ ಒಂದೇ ಕೊಟ್ಟಿಗೆಗೆ ತಂದು ಕಟ್ಟಿದ್ದಾರೆ. ನಮ್ಮ ಕಾಲದಲ್ಲಿ ಆ ಹೆಸರು ಕೇಳಿರಲಿಲ್ಲ. ಕಾನ್ವೆಂಟಿನ ಸಿಸ್ಟರ್ ನಮಗೆ ಎ ಮತ್ತು ದಿಗಳನ್ನು ಆರ್ಟಿಕಲ್ ಎಂದು ಹೇಳಿಕೊಟ್ಟರು, ಮಿಕ್ಕವನ್ನೆಲ್ಲ ಅಡ್ಜೆಕ್ಟಿವ್ ಎಂದರು. ನಾಮಪದದ ಪಕ್ಕದಲ್ಲಿ ನಿಂತುಕೊಂಡರೆ ಅಡ್ಜೆಕ್ಟಿವ್, ನಾಮಪದದ ಜಾಗದಲ್ಲೇ ಹೋಗಿ ಕೂತುಬಿಟ್ಟರೆ ಪ್ರೊನೌನ್. ‘ದಟ್ ಬುಕ್’ ಎಂದಾಗ ದಟ್ ಬರೀ ಆಳು. ‘ದಟ್ ಈಸ್ ಮೈನ್’ ಎಂದಾಗ ಅದೇ ದಟ್ ಮನೆಯ ಯಜಮಾನ. ಸಿಸ್ಟರ್ ಇನ್ನೂ ಒಂದು ಮಾತು ಹೇಳುತ್ತಿದ್ದರು. ಮೊದಲು ಹೆಸರು ಹೇಳಬೇಕು, ಆಮೇಲೇ ಹಿ, ಶಿ. ಹೆಸರಿಲ್ಲದೆ ‘ಹಿ’ ಎಂದು ಶುರುಮಾಡಿದ ಹುಡುಗಿಗೆ ರೂಲುದೊಣ್ಣೆಯಿಂದ ಡೆಸ್ಕಿನ ಮೇಲೆ ಟಕ್ ಎಂದು ಬಾರಿಸಿ, “ಹೂ ಈಸ್ ಹಿ? ಐ ಹ್ಯಾವ್ ನಾಟ್ ಮೆಟ್ ಹಿಮ್!” ಎನ್ನುತ್ತಿದ್ದರು.

ಆ ಪಾಠಗಳ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಪರ್ಸನಲ್, ಪೊಸೆಸಿವ್, ರಿಫ್ಲೆಕ್ಸಿವ್, ಡೆಮಾನ್‌ಸ್ಟ್ರೇಟಿವ್, ಇಂಟರಾಗೇಟಿವ್, ರಿಲೇಟಿವ್, ಇನ್‌ಡೆಫಿನಿಟ್, ಡಿಸ್ಟ್ರಿಬ್ಯೂಟಿವ್, ಒಂದೊಂದಕ್ಕೂ ಒಂದೊಂದು ಪುಟ, ತಲೆಬರಹ ಕೆಂಪು ಶಾಯಿಯಲ್ಲಿ. ಡಿಸ್ಟ್ರಿಬ್ಯೂಟಿವ್ ಪುಟದ ಮೇಲೆ ಹುಣಸೆಹಣ್ಣಿನ ಒಂದು ಕಂದು ಕಲೆ ಇದೆ, ಹೆಬ್ಬೆರಳಿನಷ್ಟು. ಅದು ಕಾನ್ವೆಂಟಿನದಲ್ಲ, ಮಧುಗಿರಿಯದು.

ಅಪ್ಪ ಸಬ್‌ರಿಜಿಸ್ಟ್ರಾರ್. ಮೊದಲು ಪಾವಗಡ, ಆಮೇಲೆ ಶಿರಾ, ಕೊರಟಗೆರೆ, ಕೊನೆಗೆ ಮಧುಗಿರಿ. ನಾನು ಒಂಬತ್ತು ವರ್ಷದವಳಿದ್ದಾಗಲೇ ಬೆಂಗಳೂರಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೋರ್ಡರ್ ಆದೆ. ರಜೆಗೆ ಬಂದಾಗಲೆಲ್ಲ ಹೊಸ ಊರು, ಹೊಸ ಮನೆ. ಅಪ್ಪನ ಕಛೇರಿಗೆ ಪತ್ರ ಮಾಡಿಸಲು ಬಂದ ಹೆಂಗಸರು ಹೆಬ್ಬೆಟ್ಟು ಒತ್ತುವ ಮೊದಲು ಗಂಡನ ಹೆಸರು ಹೇಳಬೇಕಿತ್ತು. ಹೇಳುತ್ತಿರಲಿಲ್ಲ. ಪಾವಗಡದಲ್ಲಿ “ಮಾ ಇಂಟಾಯನ”, ನಮ್ಮ ಮನೆಯವರು, ಎಂದು ತೆಲುಗಿನಲ್ಲಿ ನಾಚಿಕೊಳ್ಳುತ್ತಿದ್ದರು. ಶಿರಾದಲ್ಲಿ ಬುರ್ಖಾದೊಳಗಿಂದ “ಬಚ್ಚೋಂಕೆ ಬಾವಾ” ಎಂಬ ದನಿ ಬರುತ್ತಿತ್ತು, ಮಕ್ಕಳ ಅಪ್ಪ ಎಂದು. ಕೊರಟಗೆರೆಯಲ್ಲಿ ಒಬ್ಬಾಕೆ ಕಿಟಕಿಯಿಂದ ಬೆಟ್ಟದ ಗುಡಿಯ ಕಡೆ ಕೈ ತೋರಿಸಿ, “ಅಲ್ಲಿ ಕುಂತವ್ನಲ್ಲ, ಆ ಸ್ವಾಮಿ ಹೆಸ್ರೇ ಬರ್ಕಳಿ” ಎಂದಿದ್ದಳು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ನಂಬಿಕೆ. ಅಪ್ಪ ನಗುತ್ತಿರಲಿಲ್ಲ, ಜೊತೆಗೆ ಬಂದವರನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ನಾನು ಇದನ್ನೆಲ್ಲ ಕಣ್ಣಾರೆ ಕಂಡವಳು. ಕಂಡೂ ಮರೆತೆನಲ್ಲ, ಅದೇ ನನ್ನ ತಪ್ಪು.

ಹದಿನಾರು ತುಂಬಿದಾಗ ಅಮ್ಮನಿಗೆ ಕೀಲುವಾಯು ಹೆಚ್ಚಾಗಿ, ಕೊನೆಯ ಪರೀಕ್ಷೆಗೆ ಒಂದು ವರ್ಷ ಇದೆ ಎನ್ನುವಾಗ ಅಪ್ಪ ನನ್ನನ್ನು ಕಾನ್ವೆಂಟಿನಿಂದ ಬಿಡಿಸಿಕೊಂಡು ಬಂದರು. ಮಧುಗಿರಿ ಬೆಟ್ಟದ ಬುಡದ ಬಾಡಿಗೆ ಮನೆ. ಬೆಳಗಾದರೆ ಆ ಒಂದೇ ಕಲ್ಲಿನ ಬೆಟ್ಟ, ಸಂಜೆಯಾದರೆ ಅದರ ನೆರಳು. ಅಡುಗೆಮನೆಯಲ್ಲಿ ಸಾರು ಕುದಿಸುತ್ತಾ ‘ಮೈಸೆಲ್ಫ್, ಯುವರ್‌ಸೆಲ್ಫ್, ಹಿಮ್‌ಸೆಲ್ಫ್’ ಎಂದು ಒಬ್ಬಳೇ ಗುನುಗಿಕೊಳ್ಳುತ್ತಿದ್ದೆ. ನಾನು ಪರೀಕ್ಷೆ ಪಾಸು ಮಾಡದಿದ್ದರೂ ಚಿಂತೆಯಿಲ್ಲ, ಈ ನೋಟ್‌ಬುಕ್ಕಿನಿಂದ ಯಾರನ್ನಾದರೂ ಒಬ್ಬರನ್ನು ಪಾಸು ಮಾಡಿಸಿಯೇ ತೀರುತ್ತೇನೆ ಎಂದು ಹಟ ಹುಟ್ಟಿತು. ಪ್ಯೂರ್ ಅಬ್‌ಸ್ಟಿನಸಿ ಎನ್ನುತ್ತಿದ್ದರು ಸಿಸ್ಟರ್ ಇದ್ದಿದ್ದರೆ.

ಆ ಒಬ್ಬಳು ನಮ್ಮ ಹಿತ್ತಲಿಗೆ ಅಂಟಿಕೊಂಡ ಮನೆಯಲ್ಲೇ ಇದ್ದಳು. ನನಗಿಂತ ಮೂರು ವರ್ಷ ದೊಡ್ಡವಳು, ತವರು ಪುರವರ ಎಂಬ ಊರು. ಮದುವೆಗೆ ಮುಂಚೆ ಕನ್ನಡ ಮಿಡ್ಲ್ ಸ್ಕೂಲ್ ಪರೀಕ್ಷೆ ಮುಗಿಸಿದ್ದಳು, ಅಕ್ಷರ ಮುತ್ತಿನಂತೆ. ಗಂಡ ಎರಡನೇ ಮಹಾಯುದ್ಧಕ್ಕೆ ಸೇರಿ ಹಡಗು ಹತ್ತಿದ್ದ. ಮನೆಯಲ್ಲಿ ಅವಳು, ಅವಳ ಅತ್ತೆ, ಇಬ್ಬರೇ. ಅವನ ಕಾಗದ ಬಂದು ಎಂಟು ತಿಂಗಳಾಗಿತ್ತು. ದಾಯಾದಿಗಳು ಸೇರಿ ಮಾತಾಡಿ ತೀರ್ಮಾನ ಮಾಡಿದ್ದರು: ದೀಪಾವಳಿ ಕಳೆದ ಮೇಲೆ ಸೊಸೆ ತವರಿಗೆ ಹೋಗಬೇಕು, ಅತ್ತೆ ಮೈದುನನ ಮಗನ ಮನೆ ಸೇರಬೇಕು, ಮನೆಗೆ ಬೀಗ.

ಅಷ್ಟರಲ್ಲಿ ಅಪ್ಪ ಒಂದು ಸುದ್ದಿ ತಂದರು. ನಮ್ಮ ಕಡೆಯ ತಾಲ್ಲೂಕುಗಳ ಹೆಣ್ಣುಮಕ್ಕಳ ಶಾಲೆಗಳಿಗೆ ಇಂಗ್ಲಿಷಿನ ಮೊದಲ ಪಾಠ ಹೇಳಬಲ್ಲ ಅಸಿಸ್ಟೆಂಟ್ ಮೇಡಂಗಳು ಬೇಕಂತೆ. ಇನ್ಸ್‌ಪೆಕ್ಟರ್ ದಸರೆ ಮುಗಿದ ಮೇಲೆ ಬಂದು ಓರಲ್ ಪರೀಕ್ಷೆ ಮಾಡುತ್ತಾರಂತೆ. ಕೆಲಸ ಸಿಕ್ಕಿದವರಿಗೆ ಇರಲು ಒಂದು ಕೋಣೆಯೂ ಉಂಟಂತೆ. ನಾನು ಸಾರಿನ ಸೌಟು ಕೆಳಗಿಟ್ಟು ಹಿತ್ತಲ ಬಾಗಿಲಿಂದ ಓಡಿದೆ.

“ನಂಗೆ ಬರುತ್ತಾ ಅಮ್ಮಣ್ಣಿ, ಮೂರು ತಿಂಗಳಲ್ಲಿ?” ಎಂದಳು.

“ಬರುತ್ತೆ. ಬರದೆ ನಾನು ಬಿಡಲ್ಲ,” ಎಂದೆ.

ಹಾಗೆ ಶುರುವಾಯಿತು ನಮ್ಮ ಹಿತ್ತಲ ಜಗಲಿಯ ಇಸ್ಕೂಲು. ಮಧ್ಯಾಹ್ನದ ಊಟವಾಗಿ ಅಮ್ಮ ಮಲಗಿದ ಮೇಲೆ ಎರಡು ಗಂಟೆ. ಅವಳು, ನಾನು, ನಮ್ಮ ನಡುವೆ ಒಂದು ಸ್ಲೇಟು. ಪಕ್ಕದಲ್ಲಿ ಅವಳ ಅತ್ತೆ. ಸೊಸೆಯನ್ನು ಒಬ್ಬಳನ್ನೇ ಎಲ್ಲಿಗೂ ಕಳಿಸುವವರಲ್ಲ. ಗುಂಡುಕಲ್ಲು ಹಿಡಿದು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾ ಕಾವಲು ಕೂರುತ್ತಿದ್ದರು. ಇಂಗ್ಲಿಷಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ‘ಹಿ’ ಪಾಠದ ದಿನವೇ ಜಗಳ.

“ಹಿ ಅಂದ್ರೆ ಅವನು. ಅವರು ಅಂತ ಮರ್ಯಾದೆಯಿಂದ ಹೇಳೋದಕ್ಕೂ ಹಿ ಅಂತಲೇ,” ಎಂದೆ.

ಗುಂಡುಕಲ್ಲು ನಿಂತಿತು. “ಅದೆಂಗವ್ವ? ಮಹಾರಾಜ್ರಿಗೂ ಹಿ, ದನ ಕಾಯೋನ್ಗೂ ಹಿ?”

“ಹೂಂ.”

“ನಾಯಿಗೆ?”

“ನಾಯಿಗೆ ಇಟ್. ಮುದ್ದಿಂದ ಸಾಕಿದ ನಾಯಿಯಾದ್ರೆ ಅದಕ್ಕೂ ಹಿ.”

“ಥೂ, ಬುಡವ್ವ ಅತ್ಲಾಗೆ! ನಾಯಿಗೂ ಮಹಾರಾಜ್ರಿಗೂ ಒಂದೇ ಮಾತು ಮಡಗವ್ರೆ. ಮರ್ವಾದೆ ಅನ್ನೋದು ಅವರ ಸೀಮೇಲಿ ಬೆಳೆಯೋದೇ ಇಲ್ವಾ?”

“ನೀನು, ನೀವು ಎರಡಕ್ಕೂ ಒಂದೇ. ಯೂ.”

“ಅತ್ತೆಗೂ ಯೂ, ಸೊಸೆಗೂ ಯೂ?”

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ನಗ್ತೀಯೇನ್ಲೇ? ನಾಳೆ ನನ್ನೇ ಯೂ ಅಂದ್ಗಿಂದೀಯ, ಸೌಟಲ್ಲಿ ಬಾರ್ಸಿಬುಡ್ತೀನಿ,” ಎಂದು ಅತ್ತೆ ಮತ್ತೆ ಕುಟ್ಟತೊಡಗಿದರು.

ಆದರೆ ಆ ಹುಣಸೆಬೀಜಗಳೇ ನನಗೆ ಸಿಕ್ಕ ಕರಿಹಲಗೆ. ಕೈಯೊಳಗೆ ಒಂದು ಬೀಜ: ದಿಸ್ ಸೀಡ್. ಮಡಿಲ ತುಂಬ: ದೀಸ್ ಸೀಡ್ಸ್. ಆಚೆ ಮೊರದಲ್ಲಿರುವುದು: ದೋಸ್. ಬೀಜ ಎಣಿಸಬಹುದು, ಅದಕ್ಕೆ ಮೆನಿ. ಹಣ್ಣಿನ ತಿರುಳು ಎಣಿಸಲು ಬಾರದು, ಅದಕ್ಕೆ ಮಚ್. ನನ್ನ ಮುಂದೆ ಎರಡು, ಅವಳ ಮುಂದೆ ಎರಡು, ಅತ್ತೆಯ ಮುಂದೆ ಎರಡು: ಈಚ್ ಆಫ್ ಅಸ್ ಹ್ಯಾಸ್ ಟೂ. ಆಗಲೇ ಅತ್ತೆ, “ಇದೇನು ನಂಗೂ ಪಾಲಾ?” ಎಂದು ಬಗ್ಗಿ ನೋಡಲು ಹೋಗಿ ಹೆಬ್ಬೆರಳನ್ನು ನೋಟ್‌ಬುಕ್ಕಿನ ಪುಟದ ಮೇಲೆ ಊರಿದ್ದು.

‘ದಿ’ಯಲ್ಲಿ ನಾವು ನಾಲ್ಕು ದಿನ ಸಿಕ್ಕಿಹಾಕಿಕೊಂಡೆವು. ಕನ್ನಡದಲ್ಲಿ ಅಂಥದೊಂದು ಪದವಿಲ್ಲವಲ್ಲ. ಎಲ್ಲ ಕಡೆ ದಿ ಹಾಕುತ್ತಿದ್ದಳು, ಇಲ್ಲವೇ ಎಲ್ಲೂ ಹಾಕುತ್ತಿರಲಿಲ್ಲ. ಕೊನೆಗೆ ನಾನು ಸಿಸ್ಟರ್ ಹೇಳಿದ್ದನ್ನೆಲ್ಲ ಬಿಟ್ಟು, “ನೋಡು, ಎ ಟ್ರೀ ಅಂದ್ರೆ ಯಾವುದೋ ಒಂದು ಮರ. ದಿ ಟ್ರೀ ಅಂದ್ರೆ ಹೇಳೋರಿಗೂ ಗೊತ್ತು, ಕೇಳೋರಿಗೂ ಗೊತ್ತು, ಅದೇ ಮರ,” ಎಂದೆ.

ಅವಳು ಸ್ಲೇಟಿನಿಂದ ತಲೆ ಎತ್ತಿದಳು. “ನಮ್ಮತ್ತೆ ಬೆಳಿಗ್ಗೆ ಎದ್ದು ‘ಅವನಿಗೆ ಉಂಡ್ಲಿಕಾಳು ತಿನ್ನೋದು ಅಂದ್ರೆ ಇಷ್ಟ’ ಅಂತಾರಲ್ಲ, ಹಂಗಾ? ಯಾರು ಅಂತ ನಾನು ಕೇಳಲ್ಲ.”

“ಹಂಗೇ,” ಎಂದೆ. ಅತ್ತೆ ತಲೆ ಎತ್ತಲಿಲ್ಲ. ಗುಂಡುಕಲ್ಲಿನ ಸದ್ದು ಮಾತ್ರ ಒಂದು ತಾಳ ತಪ್ಪಿತು.

ನವರಾತ್ರಿ ಹತ್ತಿರ ಬರುವ ಹೊತ್ತಿಗೆ ಅವಳು ನನ್ನ ಹತ್ತು ಪ್ರಶ್ನೆಗಳಲ್ಲಿ ಒಂಬತ್ತಕ್ಕೆ ಸರಿಯಾಗಿ ಉತ್ತರಿಸುತ್ತಿದ್ದಳು. ನಾನು ಅಪ್ಪನ ಹಳೆಯ ಕೋಟು ತೊಟ್ಟು ಮಣೆಯ ಮೇಲೆ ಕೂತು ಇನ್ಸ್‌ಪೆಕ್ಟರ್ ಆಗುತ್ತಿದ್ದೆ. ವಾಟ್ ಈಸ್ ಯುವರ್ ನೇಮ್? ಹೂಸ್ ಹೌಸ್ ಈಸ್ ದಿಸ್? ವಿಚ್ ಆಫ್ ದೀಸ್ ಈಸ್ ಯುವರ್ಸ್? ಟಕಟಕ ಹೇಳುತ್ತಿದ್ದಳು. ನನಗೆ ನನ್ನ ಮೇಲೆ ಎಷ್ಟು ಹೆಮ್ಮೆ!

ಪರೀಕ್ಷೆಗೆ ಆರು ದಿನವಿರುವಾಗ ಊಟದ ಎಲೆಯ ಮುಂದೆ ಅಪ್ಪ ಸುಮ್ಮನೆ ಕೇಳಿದರು. “ಅಲ್ಲಮ್ಮ, ಇಲಾಖೆಯವರು ಮೊದಲು ಕೇಳೋದೇ ಹೆಸರು, ಊರು, ಗಂಡನ ಹೆಸರು. ಅದನ್ನ ಹೇಳ್ತಾಳಾ?”

ನಾನು ಮಾಡಿಟ್ಟಿದ್ದ ಪ್ರಶ್ನೆಗಳೆಲ್ಲ ಕಾನ್ವೆಂಟಿನವು. ಕಾನ್ವೆಂಟಿನಲ್ಲಿ ಯಾರಿಗೂ ಗಂಡನಿರಲಿಲ್ಲ.

ಮಧ್ಯಾಹ್ನ ಕೋಟು ತೊಟ್ಟು ಮೊದಲನೆಯದಾಗಿ ಅದನ್ನೇ ಕೇಳಿದೆ. “ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?”

“ಹಿಸ್ ನೇಮ್ ಈಸ್…” ಎಂದಳು. ನಿಂತಳು. ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಅಲ್ಲಿಯವರೆಗೆ ಬಂದು ನಿಂತಳು.

“ಒಂದೇ ಸಲ ಹೇಳು. ಇಂಗ್ಲಿಷಲ್ಲಿ ಹೇಳಿದ್ರೆ ಏನೂ ಆಗಲ್ಲ.”

“ಹೆಸ್ರು ಇಂಗ್ಲೀಷಾಗುತ್ತಾ ಅಮ್ಮಣ್ಣಿ?”

ನಾನು ಹದಿನೇಳರ ಹುಡುಗಿ, ಮೂರು ತಿಂಗಳ ದುಡಿಮೆ ಒಂದು ಪದದಲ್ಲಿ ಮುಳುಗುತ್ತಿದೆ. ಸಿಟ್ಟು ಬಂತು. “ಸೂಪರ್‌ಸ್ಟಿಷನ್! ಬರೀ ಮೂಢನಂಬಿಕೆ! ಹೆಸರು ಹೇಳಿದ್ರೆ ಯಾರೂ ಸಾಯಲ್ಲ,” ಎಂದುಬಿಟ್ಟೆ.

ಸಾಯುವುದು ಎಂಬ ಮಾತನ್ನು ಆ ಜಗಲಿಯ ಮೇಲೆ ಯಾರೂ ಒಮ್ಮೆಯೂ ಆಡಿರಲಿಲ್ಲ. ಅವಳು ಸ್ಲೇಟನ್ನು ಒರೆಸಿ, ಬಳಪವನ್ನು ಅದರ ಮೇಲಿಟ್ಟು ಎದ್ದು ಹೋದಳು. ಅತ್ತೆ ಅರ್ಧ ಕುಟ್ಟಿದ ಹಣ್ಣನ್ನು ಮೊರಕ್ಕೆ ಸುರಿದುಕೊಂಡು ಹಿಂದೆಯೇ ಹೊರಟರು. ಹಿತ್ತಲ ಬಾಗಿಲು ಹಾಕಿಕೊಂಡ ಸದ್ದಾಯಿತು.

ಎರಡು ದಿನ ಬರಲಿಲ್ಲ. ಮೂರನೆಯ ದಿನ ನಾನೇ ಹೋದೆ. ಅವಳು ಒಲೆಯ ಮುಂದಿದ್ದಳು. ತಿರುಗಲಿಲ್ಲ. “ತಪ್ಪಾಯ್ತು,” ಎಂದೆ. ಕಾನ್ವೆಂಟಿನಲ್ಲಿ ಸಾರಿ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದವಳಿಗೆ ಆ ಕನ್ನಡ ಪದ ರೂಢಿಯಿರಲಿಲ್ಲ.

“ನೀವು ಹೇಳಿದ್ದು ಸುಳ್ಳಲ್ಲ ಅಮ್ಮಣ್ಣಿ,” ಎಂದಳು ಒಲೆಯನ್ನೇ ನೋಡುತ್ತಾ. “ಹೆಸ್ರು ಹೇಳಿದ್ರೆ ಏನೂ ಆಗಲ್ಲ ಅಂತ ನಂಗೂ ಗೊತ್ತು. ಆದ್ರೆ ನಾನು ಹೇಳಿದ್ ವಾರವೇ ತಂತಿ ಬಂದ್ರೆ? ಆಮೇಲೆ ಬದುಕಿರೋ ತನಕ ನನ್ ಬಾಯನ್ನ ನಾನು ಹೆಂಗೆ ಕ್ಷಮಿಸ್ಲಿ?”

ನಾನು ಅಲ್ಲೇ ಮಣೆಯ ಮೇಲೆ ಕೂತೆ. ಆಮೇಲೆ ಅವಳೇ ಕೇಳಿದಳು: “ಬರೆದು ತೋರಿಸಿದ್ರೆ ಆಗಲ್ವಾ? ಬಾಯಿಂದ ಬರ್ದಿದ್ರೆ ಸಾಕು. ಕಾಗದದ ವಿಳಾಸ ನಾನೇ ಬರೀತಿದ್ದೆನಲ್ಲ.”

ಆಗುತ್ತೆ, ಯಾಕಾಗಲ್ಲ! ಸ್ಲೇಟು ಕೊಂಡೊಯ್ಯುವುದೆಂದು ನಿಶ್ಚಯವಾಯಿತು. ಪೂರ್ತಿ ವಾಕ್ಯ, ಇಂಗ್ಲಿಷಿನಲ್ಲಿ, ದುಂಡಾಗಿ. ಉಳಿದ ಮೂರು ದಿನ ನಾವು ಬೆಳಿಗ್ಗೆಯೂ ಕೂತೆವು, ಸಂಜೆಯೂ ಕೂತೆವು. ಅಮ್ಮ ನೋವಿನ ಕಾಲನ್ನು ಎಳೆದುಕೊಂಡು ತಾನೇ ಅನ್ನಕ್ಕಿಟ್ಟಳು. ಅತ್ತೆ ಮಾತ್ರ, “ಕುಂತ್ಕಳಿ ಕುಂತ್ಕಳಿ, ಹೆಂಗೂ ಬೀಗ ಹಾಕೋರು ಕಾಯ್ತಾವ್ರೆ,” ಎಂದು ಗೊಣಗಿದರು.

ಪರೀಕ್ಷೆ ಹೆಣ್ಣುಮಕ್ಕಳ ಶಾಲೆಯ ಹಾಲಿನಲ್ಲಿ. ಏಳು ಜನ ಬಂದಿದ್ದರು, ಇವಳು ಐದನೆಯವಳು. ನಾನೂ ಅತ್ತೆಯೂ ಹೊರಗೆ ಜಗಲಿಯ ಮೇಲೆ, ತೆರೆದ ಕಿಟಕಿಯ ಪಕ್ಕ. ಇನ್ಸ್‌ಪೆಕ್ಟರು ಜರಿಪೇಟದ, ತೆಳ್ಳಗಿನ ಮನುಷ್ಯ. ಕೆಟ್ಟವರಂತೆ ಕಾಣಲಿಲ್ಲ, ದಣಿದವರಂತೆ ಕಂಡರು. ಹೆಸರು ಕೇಳಿದರು, ಊರು ಕೇಳಿದರು. ಸರಿಯಾಗಿ ಹೇಳಿದಳು. ಆಮೇಲೆ ಅದು ಬಂತು.

“ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?”

ಅವಳು ಸ್ಲೇಟು ಎತ್ತಿದಳು. ಅವರು ಅದನ್ನು ನೋಡಲೇ ಇಲ್ಲ. “ನೋ, ನೋ. ದಿಸ್ ಈಸ್ ಓರಲ್. ಪುಟ್ ದಟ್ ಡೌನ್.”

ಅವಳು ಸ್ಲೇಟನ್ನು ಮಗುಚಿ ಮೇಜಿನ ಮೇಲಿಟ್ಟಳು. “ಹಿಸ್ ನೇಮ್ ಈಸ್…”

ಹಾಲಿನಲ್ಲಿ ಯಾರೋ ಕೆಮ್ಮಿದರು. ಅವರು ಲೇಖನಿಯನ್ನು ಶಾಯಿಗೆ ಅದ್ದಿ ಕಾದರು. ಅವಳ ಕಿವಿ ಕೆಂಪಾಗುವುದು ನನಗೆ ಹೊರಗಿನಿಂದಲೇ ಕಾಣುತ್ತಿತ್ತು. “ನೆಕ್ಸ್ಟ್” ಎನ್ನಲು ಅವರು ಬಾಯಿ ತೆರೆದೇಬಿಟ್ಟರು.

ಆಗ ನನ್ನ ಪಕ್ಕದಿಂದ, ಕಿಟಕಿಯ ಸರಳುಗಳ ನಡುವಿನಿಂದ ಆ ಹೆಸರು ಒಳಗೆ ಹೋಯಿತು. ಹೊಲದ ಈ ಬದುವಿನಿಂದ ಆ ಬದುವಿನಲ್ಲಿರುವ ಮಗನನ್ನು ಊಟಕ್ಕೆ ಕರೆಯುವಂಥ ದನಿ. ಅಪ್ಪನ ಹೆಸರೂ ಸೇರಿಸಿ, ಮನೆತನದ ಹೆಸರೂ ಸೇರಿಸಿ, ಪೂರ್ತಿಯಾಗಿ.

ಇನ್ಸ್‌ಪೆಕ್ಟರು ಕಿಟಕಿಯ ಕಡೆ ತಿರುಗಿ ಕನ್ನಡದಲ್ಲೇ ಗದರಿದರು. “ಯಾರಮ್ಮ ಅದು? ಪರೀಕ್ಷೆ ನಿಮಗಲ್ಲ, ಅವರಿಗೆ.”

“ಹೆತ್ತೋಳು ಸ್ವಾಮಿ,” ಎಂದರು ಅತ್ತೆ. “ನನ್ ಮಗನ ಹೆಸ್ರು ನಾನು ಹೇಳ್ದೆ ಇನ್ಯಾರು ಹೇಳ್ಬೇಕು? ಯುದ್ಧಕ್ಕೋಗವ್ನೆ, ಕಾಗದ ಇಲ್ಲ. ಅವಳ ಬಾಯಿಂದ ಯಾಕೆ ಹೊಂಡುಸ್ತೀರಿ? ನಿಮ್ ಮನೆಯಮ್ಮ ನಿಮ್ಮನ್ನ ಹೆಸ್ರಿಡ್ದು ಕರೀತಾರಾ, ಹೇಳ್ಬುಡಿ ನೋಡಾನ?”

ಕಾಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ನಾನು ಅತ್ತೆಯ ತೋಳು ಹಿಡಿದು ಎಳೆದೆ, ಅವರು ಕದಲಲಿಲ್ಲ. ಕಿಟಕಿಯ ಸರಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದರು. ಆಗ ಹೊಳೆಯಿತು ನನಗೆ: ಮೂರು ತಿಂಗಳಿಂದ ದಿನಾ ಪಕ್ಕದಲ್ಲಿ ಕೂತರೂ ಅವರ ಬಾಯಿಂದಲೂ ನಾನು ಆ ಹೆಸರನ್ನು ಕೇಳಿರಲಿಲ್ಲ. ಬರೀ ಅವನು, ಅವನು. ತಾಯಿಗೆ ಹೆಸರು ಹೇಳಲು ಅಡ್ಡಿಯಿಲ್ಲ, ಆದರೆ ಅವರಿಗೂ ಭಯವಿತ್ತು.

ಒಳಗೆ ಅವಳು ತಲೆ ಎತ್ತಿದ್ದಳು. ಇನ್ಸ್‌ಪೆಕ್ಟರು ತನ್ನ ಕಡೆ ತಿರುಗುವವರೆಗೆ ಕಾದು, ನಾನು ಹೇಳಿಕೊಡದ ವಾಕ್ಯಗಳನ್ನು, ಒಂದೊಂದನ್ನೂ ನಿಧಾನವಾಗಿ, ಹೇಳಿದಳು:

“ಶಿ ಈಸ್ ಹಿಸ್ ಮದರ್, ಸರ್. ದಟ್ ಈಸ್ ಹಿಸ್ ನೇಮ್. ಐ ಆ್ಯಮ್ ಹಿಸ್ ವೈಫ್. ವಿ ಆರ್ ವೇಟಿಂಗ್ ಫಾರ್ ಹಿಮ್.”

ಅವರು ಲೇಖನಿಯನ್ನು ಮತ್ತೆ ಶಾಯಿಗೆ ಅದ್ದಿದರು. ಏನೂ ಬರೆಯಲಿಲ್ಲ. ಆಮೇಲೆ ಮಗುಚಿಟ್ಟ ಸ್ಲೇಟನ್ನು ತಾವೇ ತಿರುಗಿಸಿ ಓದಿ, ಕಾಗದದ ಮೇಲೆ ಹೆಸರು ಬರೆದುಕೊಂಡರು. “ಹೂಸ್ ಸ್ಲೇಟ್ ಈಸ್ ದಿಸ್?” ಎಂದರು. ದನಿ ಬದಲಾಗಿತ್ತು.

“ಇಟ್ ಈಸ್ ನಾಟ್ ಮೈನ್, ಸರ್. ಇಟ್ ಈಸ್ ಹರ್ಸ್.” ಕಿಟಕಿಯಲ್ಲಿದ್ದ ನನ್ನನ್ನು ತೋರಿಸಿದಳು. ನಾನು ನಾಚಿ ಕೆಳಗೆ ಕೂತುಬಿಟ್ಟೆ. ಆಮೇಲೆ ಇಪ್ಪತ್ತು ನಿಮಿಷ ನನಗೆ ಕೇಳಿಸಿದ್ದು ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಒಂದು ಕಡೆ ‘ದಿ’ ಬಿಟ್ಟಳು. ಒಂದೇ ಕಡೆ.

ಮನೆಗೆ ಬರುವಾಗ ಅತ್ತೆ ಸೊಸೆಯನ್ನು ಮುಂದೆ ಬಿಟ್ಟು ನನ್ನ ಜೊತೆ ನಡೆದರು. “ನಾನು ಹೇಳಿದ್ರಿಂದ ಏನಾದ್ರೂ ಆದ್ರೆ ನಂಗಾಗ್ಲಿ ಕಣವ್ವ,” ಎಂದರು. “ಅವಳು ಚಿಕ್ಕೋಳು.”

ದೀಪಾವಳಿಗೆ ನಾಲ್ಕು ದಿನ ಮುಂಚೆ ಆರ್ಡರ್ ಬಂತು. ಕೆಲಸ ಪಾವಗಡದಲ್ಲಿ. ದಾಯಾದಿಗಳು ಬಂದು, ಹೆಂಗಸರಿಬ್ಬರು ಆ ತೆಲುಗು ಸೀಮೆಗೆ ಹೋಗಿ ಏನು ಮಾಡುತ್ತೀರಿ ಎಂದರು. ಅತ್ತೆ ಒನಕೆ, ಮೊರ, ಗುಂಡುಕಲ್ಲು ಎಲ್ಲವನ್ನೂ ಮೂಟೆ ಕಟ್ಟುತ್ತಾ, “ತೆಲುಗ್ನಾಗೆ ನೀನುಗೂ ನೀವುಗೂ ಬ್ಯಾರೆ ಮಾತವೆ. ಇಂಗ್ಲೀಷ್ಗಿಂತ ವಾಸಿ ಬುಡ್ರಪ್ಪ,” ಎಂದರು. ಮನೆಗೆ ಅವರೇ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದರು. ನೋಟ್‌ಬುಕ್ಕನ್ನು ಕೊಟ್ಟುಬಿಡೋಣವೆಂದು ಬಸ್‌ಸ್ಟ್ಯಾಂಡಿಗೆ ಒಯ್ದಿದ್ದೆ. ಅವಳು ಎಲ್ಲವನ್ನೂ ಆಗಲೇ ನಕಲು ಮಾಡಿಕೊಂಡಿದ್ದಳು. “ನಿಮ್ದು ನಿಮ್ಮ ಹತ್ರ ಇರ್ಲಿ ಅಮ್ಮಣ್ಣಿ, ನೀವೂ ಪರೀಕ್ಷೆ ಕಟ್ಟಿ,” ಎಂದಳು. ನಾನು ಕಟ್ಟಲಿಲ್ಲ. ಒಂದೂವರೆ ವರ್ಷದಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಅದಿರಲಿ.

ಯುದ್ಧ ಮುಗಿದು ಕೆಲವು ತಿಂಗಳಾಗಿತ್ತು. ಮದುವೆಯ ಹಪ್ಪಳಕ್ಕೆ ಹಿತ್ತಲಲ್ಲಿ ಹಿಟ್ಟು ಕುಟ್ಟಿಸುತ್ತಿದ್ದ ದಿನ ಅಂಚೆಯವನು ಒಂದು ಕಾರ್ಡು ತಂದುಕೊಟ್ಟ. ಪಾವಗಡದ ಮುದ್ರೆ. ಮುತ್ತಿನಂಥ ಅಕ್ಷರ, ಇಂಗ್ಲಿಷಿನಲ್ಲಿ, ಒಟ್ಟು ನಾಲ್ಕು ಸಾಲು. ‘ಹಿ ಹ್ಯಾಸ್ ಕಮ್. ಹಿ ಈಸ್ ವೆರಿ ಥಿನ್. ಶಿ ಈಸ್ ಫೀಡಿಂಗ್ ಹಿಮ್ ಆಲ್ ಡೇ. ದಿ ಚಿಲ್ಡ್ರನ್ ಆಸ್ಕ್ ಮಿ ವೈ ಐ ಆ್ಯಮ್ ಲಾಫಿಂಗ್.’

ಕಾರ್ಡಿನಲ್ಲಿ ಎಲ್ಲೂ ಯಾರ ಹೆಸರೂ ಇರಲಿಲ್ಲ. ಅಮ್ಮ ಹಿಟ್ಟಿನ ಕೈಯಲ್ಲೇ, “ಏನಂತೆ?” ಎಂದು ಕೇಳಿದಳು.

“ಬಂದ್ರಂತೆ ಅಮ್ಮ,” ಎಂದೆ.

ಅಮ್ಮ ಯಾರು ಎಂದು ಕೇಳಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಎದ್ದು, ಸಕ್ಕರೆ ಡಬ್ಬ ತರಲು ಒಳಗೆ ಹೋದಳು.